ರಾಜನನ್ನು ಕಾಪಾಡಿದ್ದು ದೇವರಾದರೆ, ಕೊಲೆಯಾದ ರಾಜರ ವಿಷಯ ಏನು?

ಬೆಳಗಿನಓದು ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಈ ವಿಷಯ ತಲೆಯಲ್ಲಿ ಕೊರೀತಾ ಇದೆ. ಇಲ್ಲಿ ಇತಿಹಾಸ ಓದಿಕೊಂಡವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಇಂಗ್ಲೆಂಡಿನ ಸಿಡಿಮದ್ದಿನ ಸಂಚಿನ ಬಗ್ಗೆ ಓದುತ್ತಿದ್ದೆ. 1605ರ ನವೆಂಬರ್ 5ರಂದು ಮೊದಲನೇ ಜೇಮ್ಸ್ ಪಾರ್ಲಿಮೆಂಟ್ ಶುರು ಮಾಡಬೇಕಿತ್ತು. ಅವನು ಕೂರುವ ಸಭಾಂಗಣದ ಕೆಳಗಿನ ಉಗ್ರಾಣದಲ್ಲಿ ಕೆಲವು ಕ್ಯಾಥೋಲಿಕ್ ಸಂಚುಗಾರರು 36 ಪೀಪಾಯಿ ಸಿಡಿಮದ್ದು ತುಂಬಿ, ಮೇಲೆ ಸೌದೆ ಮುಚ್ಚಿದ್ದರು. ಕಿಡಿ ಹಚ್ಚಬೇಕಿದ್ದ ಗೈ ಫಾಕ್ಸ್ ಹಿಂದಿನ ರಾತ್ರಿಯೇ ಸಿಕ್ಕಿಬಿದ್ದ. ಸುಳಿವು ಕೊಟ್ಟಿದ್ದು ಒಂದು ಅನಾಮಧೇಯ ಕಾಗದ. ಆ ದಿನ ಸಭೆಗೆ ಬರಬೇಡಿ, ಅಲ್ಲಿ ಭಯಂಕರ ಹೊಡೆತ ಬೀಳುತ್ತೆ, ಹೊಡೆದವರು ಯಾರು ಅಂತ ಕಾಣೋದಿಲ್ಲ ಅಂತ ಒಬ್ಬ ಪ್ರಭುವಿಗೆ ಯಾರೋ ಬರೆದಿದ್ದರು. ಆ ಮಾತು ಓದಿದ ಜೇಮ್ಸ್ ಇದು ಸಿಡಿಮದ್ದೇ ಇರಬೇಕು ಅಂದನಂತೆ. ಅವನಿಗೆ ಅದು ಹೊಳೆದದ್ದು ಆಶ್ಚರ್ಯವಲ್ಲ. ಅವನು ತೊಟ್ಟಿಲ ಕೂಸಾಗಿದ್ದಾಗ, 1567ರಲ್ಲಿ, ಅವನ ತಂದೆ ಡಾರ್ನ್ಲಿ ಮಲಗಿದ್ದ ಮನೆಯನ್ನು ಸಿಡಿಮದ್ದಿಟ್ಟು ಉಡಾಯಿಸಿದ್ದರು. ತಂದೆಯ ಹೆಣ ತೋಟದಲ್ಲಿ ಸಿಕ್ಕಿತ್ತು.

ಸಂಚು ಬಯಲಾದ ಮೇಲೆ ಒಂದು ಕಾನೂನೇ ಆಯಿತು. ಪ್ರತಿ ನವೆಂಬರ್ 5ರಂದು ಎಲ್ಲರೂ ಚರ್ಚಿಗೆ ಹೋಗಿ, ರಾಜನನ್ನು ಉಳಿಸಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಬೇಕು. 1859ರವರೆಗೂ, ಅಂದರೆ ಎರಡೂವರೆ ಶತಮಾನ ಇದು ನಡೀತು. ಇದಕ್ಕೂ ಮೊದಲು 1600ರ ಆಗಸ್ಟ್ 5ರಂದು ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಇನ್ನೊಂದು ಸಂಚಿನಿಂದ ಪಾರಾಗಿದ್ದ, ಆ ದಿನಕ್ಕೂ ಕೃತಜ್ಞತೆಯ ಪ್ರಾರ್ಥನೆ ಇತ್ತು. ಎರಡೂ ಮಂಗಳವಾರವೇ ಆಗಿದ್ದವು, ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ.

ಈಗ ನನ್ನ ತೊಡಕು ಹೇಳುತ್ತೇನೆ. ಅದೇ ಜೇಮ್ಸ್‌ನ ಮಗ ಮೊದಲನೇ ಚಾರ್ಲ್ಸ್‌ನ ತಲೆ ಕಡಿದರು, 1649ರ ಜನವರಿ 30ರಂದು. ಅದೂ ಮಂಗಳವಾರ. ಅವನ ಮಗ ಪಟ್ಟಕ್ಕೆ ಬಂದ ಮೇಲೆ ಆ ದಿನವನ್ನು ಉಪವಾಸದ ದಿನ ಅಂತ ಪ್ರಾರ್ಥನೆಯ ಪುಸ್ತಕದಲ್ಲೇ ಸೇರಿಸಿದರು. ಅಂದರೆ ಒಂದೇ ಪುಸ್ತಕದಲ್ಲಿ, ಕಾಪಾಡಿದ್ದಕ್ಕೆ ಕೃತಜ್ಞತೆ ಒಂದು ಕಡೆ, ಕೊಂದದ್ದಕ್ಕೆ ದುಃಖ ಇನ್ನೊಂದು ಕಡೆ. ತಂದೆಯನ್ನು ಉಳಿಸಿದ ದೇವರು ಮಗನನ್ನು ಯಾಕೆ ಬಿಟ್ಟ ಅಂತ ಆ ಜನಕ್ಕೆ ಅನ್ನಿಸಲೇ ಇಲ್ವಾ?

ನಾನು ದೇವರನ್ನು ನಂಬುವವಳು. ಗೇಲಿ ಮಾಡೋಕೆ ಕೇಳ್ತಿಲ್ಲ. ನಮ್ಮ ಕಡೆಯ ರಾಜರ ವಿಷಯದಲ್ಲಿ ಈ ನಂಬಿಕೆ ಹೇಗಿತ್ತು, ಯಾರಾದರೂ ತಿಳಿಸಿ.

ಶಾಸನಪ್ರಿಯ

ಒಳ್ಳೆ ಪ್ರಶ್ನೆ ಮೇಡಂ. ನೀವು ಕೇಳಿದ್ದಕ್ಕೆ ತಕ್ಕ ಘಟನೆ ನಮ್ಮ ವಿಜಯನಗರದಲ್ಲೇ ಇದೆ, ಸಿಡಿಮದ್ದಿನ ಸಂಚಿಗಿಂತ ನೂರಾ ಅರವತ್ತು ವರ್ಷ ಮುಂಚಿನದು.

ಎರಡನೇ ದೇವರಾಯನ ಕಾಲ. ಈಗಿನ ಅಫ್ಘಾನಿಸ್ತಾನದ ಹೆರಾತ್‌ನ ದೊರೆ ಷಾರುಖ್‌ನ ರಾಯಭಾರಿಯಾಗಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದ. ಅವನು ಇನ್ನೂ ಕಲ್ಲಿಕೋಟೆಯಲ್ಲಿದ್ದಾಗ ರಾಜಧಾನಿಯಲ್ಲಿ ನಡೆದದ್ದನ್ನು ಅವನೇ ಬರೆದಿಟ್ಟಿದ್ದಾನೆ. ರಾಜನ ತಮ್ಮ ಒಂದು ಹೊಸ ಮನೆ ಕಟ್ಟಿಸಿ, ಗೃಹಪ್ರವೇಶದ ಊಟಕ್ಕೆ ರಾಜನನ್ನೂ ದೊಡ್ಡ ದೊಡ್ಡ ಅಧಿಕಾರಿಗಳನ್ನೂ ಕರೆದ. ಹೊರಗೆ ನಗಾರಿ, ಕಹಳೆಗಳ ಅಬ್ಬರ. ಒಬ್ಬೊಬ್ಬರನ್ನೇ ಒಳಗೆ ಕರೆದು, ಅಡಗಿಸಿಟ್ಟ ಕೊಲೆಗಾರರಿಂದ ಕೊಲ್ಲಿಸುತ್ತಾ ಹೋದ. ಆ ಸದ್ದಿನಲ್ಲಿ ಒಳಗಿನ ಕೂಗು ಯಾರಿಗೂ ಕೇಳಲಿಲ್ಲ. ಹೊರಗೆ ಕಾಯುತ್ತಿದ್ದವರು ತಮ್ಮ ಸರದಿ ಯಾವಾಗ ಅಂತ ಕೂತಿದ್ದರು. ಇದನ್ನು ಓದುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ.

ಆಮೇಲೆ ಅವನು ಅರಮನೆಗೆ ಹೋದ. ಅಲ್ಲಿನ ಕಾವಲುಗಾರರನ್ನು ನೀವೂ ಊಟಕ್ಕೆ ಬನ್ನಿ ಅಂತ ಪುಸಲಾಯಿಸಿ ಆ ಮನೆಗೆ ಕಳಿಸಿಬಿಟ್ಟ, ಅವರಿಗೂ ಅದೇ ಗತಿ. ರಾಜನ ಹತ್ತಿರ ಹೋಗಿ ಕರೆದಾಗ, ಮೈ ಸರಿಯಿಲ್ಲ, ಬರಲ್ಲ ಅಂದ ರಾಜ. ತಮ್ಮ ಕಠಾರಿ ಕಿತ್ತು ಹಲವು ಸಲ ಚುಚ್ಚಿದ. ರಾಜ ಸಿಂಹಾಸನದ ಹಿಂದೆ ಬಿದ್ದ. ಸತ್ತ ಅಂದುಕೊಂಡು, ತಲೆ ತೆಗೆದುಕೊಂಡು ಬಾ ಅಂತ ಒಬ್ಬ ನಂಬಿಗಸ್ತನನ್ನು ಅಲ್ಲಿ ಬಿಟ್ಟು, ತಾನು ಹೊರಗೆ ಬಂದು ಇನ್ನು ಮೇಲೆ ನಾನೇ ರಾಜ ಅಂತ ಸಾರಿದ. ಒಳಗೆ ಆ ನಂಬಿಗಸ್ತ ಹತ್ತಿರ ಬಂದಾಗ ಗಾಯಗೊಂಡ ರಾಜ, ತಾನು ಬಿದ್ದಲ್ಲೇ ಕೈಗೆ ಸಿಕ್ಕ ಆಸನವನ್ನೇ ಎತ್ತಿ ಅವನ ಎದೆಗೆ ಬೀಸಿದ, ಅವನು ಹಿಂದಕ್ಕೆ ಮಗುಚಿ ಬಿದ್ದ. ಮೂಲೆಯಲ್ಲಿ ಹೆದರಿ ಅಡಗಿದ್ದ ಒಬ್ಬ ಕಾವಲುಗಾರ ಆಗ ಎದ್ದುಬಂದ, ಇಬ್ಬರೂ ಸೇರಿ ಕೊಲೆಗಾರನನ್ನು ಮುಗಿಸಿದರು. ರಾಜ ರಾಣಿವಾಸದ ಕಡೆಯಿಂದ ಹೊರಗೆ ಬಂದು, ನಾನು ಬದುಕಿದ್ದೇನೆ, ಅವನನ್ನು ಹಿಡೀರಿ ಅಂತ ಜನರೆದುರು ಕೂಗಿದ. ಜನ ಆ ತಮ್ಮನನ್ನು ಅಲ್ಲೇ ಮುಗಿಸಿಬಿಟ್ಟರು.

ವಿಜಯನಗರದ ರಾಜರು ತಾಮ್ರಶಾಸನಗಳಲ್ಲಿ ತಮ್ಮ ಹೆಸರಿನ ಸಹಿ ಹಾಕುತ್ತಿರಲಿಲ್ಲ, ನಿಮಗೆ ಗೊತ್ತಿರಬಹುದು. ಶಾಸನ ಸಂಸ್ಕೃತದಲ್ಲಿದ್ದರೂ ಕೊನೆಯಲ್ಲಿ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಅಂತ ಇರುತ್ತೆ. ರಾಜ್ಯ ಅವನದು, ನಾವು ಅವನ ಪರವಾಗಿ ಆಳುವವರು ಅಂತ ಅರ್ಥ. ಹಾಗಿರುವಾಗ ದೇವರಾಯ ಉಳಿದದ್ದು ವಿರೂಪಾಕ್ಷನ ಕೃಪೆ ಅಂತ ಜನ ನಂಬಿದ್ದರೆ ಅದು ತೀರಾ ಸಹಜ.

ಆದರೆ ನಿಮ್ಮ ತೊಡಕು ಇಲ್ಲೂ ಇದೆ. ದೇವರಾಯನ ಅದೇ ಸಂಗಮ ವಂಶದಲ್ಲಿ ಮುಂದೆ ಆ ದೇವರ ಹೆಸರನ್ನೇ ಇಟ್ಟುಕೊಂಡ ರಾಜ ಬಂದ, ಎರಡನೇ ವಿರೂಪಾಕ್ಷ. ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದ ಪ್ರಕಾರ ಅವನನ್ನು ಕೊಂದದ್ದು ಅವನ ಸ್ವಂತ ಹಿರಿಮಗನೇ. ಅಪ್ಪನನ್ನು ಕೊಂದ ಕೈಯಿಂದ ರಾಜ್ಯ ಆಳಲಾರೆ ಅಂತ ಆ ಮಗ ಪಟ್ಟವನ್ನು ತಮ್ಮನಿಗೆ ಬಿಟ್ಟನಂತೆ. ಆ ತಮ್ಮ ಅಣ್ಣನನ್ನೇ ಕೊಲ್ಲಿಸಿದ. ಅಲ್ಲಿಗೆ ಆ ವಂಶವೇ ಮುಗಿಯಿತು.

ಮೌನಹಕ್ಕಿ

ಬೆಳಗಿನಓದು ಅವರೇ, ನೀವು ಹೇಳಿದ ಆ ನವೆಂಬರ್ 5ಕ್ಕೆ ಇನ್ನೊಂದು ಸಂಗತಿ ಸೇರಿಸಿಕೊಳ್ಳಿ. 1688ರಲ್ಲಿ ವಿಲಿಯಂ ಡಚ್ ನಾಡಿನಿಂದ ಸೈನ್ಯ ತಂದು ಇಂಗ್ಲೆಂಡಿನಲ್ಲಿ ಇಳಿದದ್ದು ಅದೇ ನವೆಂಬರ್ 5ಕ್ಕೆ. ಅವನು ಓಡಿಸಿದ್ದು ಎರಡನೇ ಜೇಮ್ಸ್‌ನನ್ನು, ಅಂದರೆ ಸಿಡಿಮದ್ದಿನಿಂದ ಪಾರಾದ ಜೇಮ್ಸ್‌ನ ಮೊಮ್ಮಗನನ್ನು. ಆಮೇಲೆ ಅದೇ ದಿನದ ಪ್ರಾರ್ಥನೆಯಲ್ಲಿ ವಿಲಿಯಂ ಬಂದದ್ದಕ್ಕೂ ಕೃತಜ್ಞತೆ ಸೇರಿಸಿದರು. ಅಜ್ಜನನ್ನು ಕಾಪಾಡಿದ್ದಕ್ಕೆ ಮತ್ತು ಮೊಮ್ಮಗನನ್ನು ಕಳಿಸಿದ್ದಕ್ಕೆ ಒಂದೇ ದಿನ, ಒಂದೇ ಬಾಯಿಯಲ್ಲಿ!

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗೆದ್ದವನು ತನ್ನ ಗೆಲುವನ್ನು ದೇವರ ಲೆಕ್ಕಕ್ಕೆ ಬರೆಸುತ್ತಾನೆ. ವಿಲಿಯಂ ಸೋತಿದ್ದರೆ ಅವನೂ ರಾಜದ್ರೋಹಿ, ಅವನು ಸೋತದ್ದಕ್ಕೇ ಒಂದು ಪ್ರಾರ್ಥನೆ ಇರುತ್ತಿತ್ತು. ಕಾನೂನು ಮಾಡಿ ಜನರನ್ನು ಚರ್ಚಿಗೆ ಕರೆಸಿದ್ದರ ಹಿಂದೆ ಭಕ್ತಿ ಇತ್ತು, ಇಲ್ಲ ಅನ್ನಲ್ಲ. ಆದರೆ ಯಾರು ಬರಲಿಲ್ಲ ಅಂತ ನೋಡೋ ಕಣ್ಣೂ ಇತ್ತು. ಪಾಪ, ಆ ಸಂಚಿನಲ್ಲಿ ಕೈ ಹಾಕದ ಸಾವಿರಾರು ಕ್ಯಾಥೋಲಿಕ್ ಜನ ಎರಡೂವರೆ ಶತಮಾನ ಪ್ರತಿ ವರ್ಷ ಆ ದಿನ ದ್ರೋಹಿಗಳು ಅನ್ನಿಸಿಕೊಳ್ಳಬೇಕಾಯಿತು. ನನಗೆ ನೋವಾಗೋದು ಅಲ್ಲಿ.

ತಾಳೆಗರಿ

ಮೌನಹಕ್ಕಿ ಹೇಳಿದ್ದು ನಿಜ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರಶ್ನೆಗೆ ಅನ್ಯಾಯ ಆಗುತ್ತೆ. ಗೆದ್ದ ಮೇಲೆ ಹೇಳಿಸುವ ಪ್ರಾರ್ಥನೆ ಬೇರೆ, ದಿನಾ ರಾತ್ರಿ ಹೆದರಿಕೊಂಡೇ ಮಲಗುವವನ ಪ್ರಾರ್ಥನೆ ಬೇರೆ. ರಾಜರು ಎಷ್ಟು ಹೆದರಿ ಬದುಕುತ್ತಿದ್ದರು ಅಂತ ನೋಡಬೇಕಾದರೆ ಕೌಟಿಲ್ಯನ ಅರ್ಥಶಾಸ್ತ್ರ ಓದಬೇಕು. (ಕಳೆದೇ ಹೋಗಿತ್ತು ಅಂದುಕೊಂಡಿದ್ದ ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ನಮಗೆಲ್ಲ ಹೆಮ್ಮೆಯ ವಿಷಯ.)

ಮೊದಲನೇ ಅಧಿಕರಣದ ಕೊನೆಯಲ್ಲಿ ಅರಮನೆಯ ಕಾವಲಿನ ಮಾತು ಬರುತ್ತೆ. ಅಲ್ಲೊಂದು ಪಟ್ಟಿಯೇ ಇದೆ, ಯಾವ ರಾಜ ಹೇಗೆ ಸತ್ತ ಅಂತ. ಭದ್ರಸೇನನನ್ನು ರಾಣಿಯ ಮನೆಯಲ್ಲಿ ಅಡಗಿದ್ದ ತಮ್ಮ ಕೊಂದ. ಕಾರೂಷನನ್ನು ತಾಯಿಯ ಹಾಸಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಗ ಕೊಂದ. ಕಾಶಿಯ ರಾಜನಿಗೆ ರಾಣಿಯೇ ಅರಳಿಗೆ ಜೇನು ಅಂತ ವಿಷ ಕಲಸಿ ಕೊಟ್ಟಳು. ಒಬ್ಬಳು ಜಡೆಯಲ್ಲಿ ಆಯುಧ ಅಡಗಿಸಿದ್ದಳು, ಇನ್ನೊಬ್ಬಳು ಕಾಲಂದುಗೆಗೆ ವಿಷ ಸವರಿದ್ದಳು. ಎಲ್ಲ ಮನೆಯೊಳಗಿನವರೇ, ನೋಡಿ. ಏಡಿಮರಿ ಹೆತ್ತವರನ್ನೇ ತಿನ್ನುವ ಹಾಗೆ ರಾಜಕುಮಾರರು ಅಂತಲೂ ಅಲ್ಲಿ ಮಾತಿದೆ.

ನಾನು ಹೇಳಬೇಕು ಅಂದುಕೊಂಡಿದ್ದು ಇನ್ನು ಮುಂದೆ. ರಾಜನ ಊಟದ ಬಗ್ಗೆ ಕೌಟಿಲ್ಯ ಹೇಳುತ್ತಾನೆ: ಅಡುಗೆ ಆದ ಮೇಲೆ ಮೊದಲು ಅಗ್ನಿಗೆ, ಆಮೇಲೆ ಹಕ್ಕಿಗಳಿಗೆ ಬಲಿ ಹಾಕಿ, ಆಮೇಲೆ ರಾಜ ಉಣ್ಣಬೇಕು. ಇದು ಧರ್ಮ, ದೇವರಿಗೆ ಸಲ್ಲಬೇಕಾದ ಪಾಲು. ತಕ್ಷಣ ಮುಂದಿನ ಮಾತು ಏನು ಗೊತ್ತಾ? ಅನ್ನದಲ್ಲಿ ವಿಷ ಇದ್ದರೆ ಬೆಂಕಿಯ ಜ್ವಾಲೆ, ಹೊಗೆ ನೀಲಿ ಆಗುತ್ತೆ, ಚಟಚಟ ಅನ್ನುತ್ತೆ, ಹಕ್ಕಿಗಳು ಸಾಯುತ್ತವೆ. ಅಂದರೆ ದೇವರಿಗೆ ಕೊಡುವ ತುತ್ತೇ ವಿಷ ಪರೀಕ್ಷೆಯೂ ಹೌದು. ಎರಡೂ ಒಂದೇ ಕೆಲಸ. ಅವನು ಪೂಜೆ ಬೇರೆ, ಕಾವಲು ಬೇರೆ ಅಂತ ಎರಡು ಭಾಗ ಮಾಡಲಿಲ್ಲ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ದೇವರು ಕಾಪಾಡುತ್ತಾನೆ ಅಂದರೆ ಬೆಂಕಿ ಬಣ್ಣ ಬದಲಿಸುತ್ತೆ. ಅದನ್ನು ನೋಡೋಕೆ ಒಬ್ಬರು ಅಲ್ಲಿ ಕೂತಿರಬೇಕು, ಅಷ್ಟೇ.

ಭಾನುವಾರದವನು

ತಾಳೆಗರಿ ಸರ್, ನಿಮ್ಮ ಮಾತು ಓದಿ ಬೈಬಲಿನ ರಾಜ ದಾವೀದ ನೆನಪಾದ. ನಾನು ಚರ್ಚಿಗೆ ಹೋಗುವವನು, ನಾವು ಈಗಲೂ ಆಳುವವರಿಗಾಗಿ ಪ್ರಾರ್ಥನೆ ಮಾಡುತ್ತೇವೆ, ಯಾವ ಪಕ್ಷದವರಾದರೂ ಸರಿ. ಇಂಗ್ಲೆಂಡಿನ ಆ ಪ್ರಾರ್ಥನೆಗಳ ಬೇರು ದಾವೀದನ ಕಥೆಯಲ್ಲೇ ಇದೆ.

ಅವನ ಸ್ವಂತ ಮಗ ಅಬ್ಷಾಲೋಮ ದಂಗೆ ಎದ್ದ. ದಾವೀದ ಬರಿಗಾಲಲ್ಲಿ, ತಲೆ ಮುಚ್ಚಿಕೊಂಡು, ಅಳುತ್ತಾ ಗುಡ್ಡ ಹತ್ತಿ ಊರು ಬಿಟ್ಟ. ಅವನ ದೊಡ್ಡ ಮಂತ್ರಾಲೋಚಕ ಅಹೀತೋಫೆಲನೂ ಮಗನ ಕಡೆ ಸೇರಿದ ಅಂತ ದಾರಿಯಲ್ಲೇ ಸುದ್ದಿ ಬಂತು. ಕರ್ತನೇ, ಅವನ ಆಲೋಚನೆಯನ್ನು ಹುಚ್ಚುತನ ಮಾಡು ಅಂತ ದಾವೀದ ಅಲ್ಲೇ ಬೇಡಿಕೊಂಡ. ಗುಡ್ಡದ ತುದಿ ತಲುಪಿದಾಗ ಗೆಳೆಯ ಹೂಷೈ ಎದುರಾದ. ದಾವೀದ ಅವನನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ. ನೀನು ವಾಪಸ್ ಹೋಗು, ಮಗನ ಕಡೆಯವನ ಹಾಗೆ ಇರು, ಅಹೀತೋಫೆಲನ ಮಾತು ನಡೆಯದ ಹಾಗೆ ನೋಡಿಕೋ ಅಂತ ಕಳಿಸಿದ. ಪ್ರಾರ್ಥನೆ ಮುಗಿದ ಕೂಡಲೇ ಗೂಢಚಾರನನ್ನು ಕಳಿಸಿದ ಅಂತಾಯಿತು! ಹೂಷೈಯೇ ಆ ಪ್ರಾರ್ಥನೆಗೆ ಉತ್ತರ ಅಂತ ನಾನು ನಂಬುತ್ತೇನೆ.

ಹೂಷೈ ಕಳಿಸಿದ ಸುದ್ದಿಯನ್ನು ದಾವೀದನಿಗೆ ತರುತ್ತಿದ್ದ ಇಬ್ಬರು ಹುಡುಗರನ್ನು ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಅವರು ಬಹುರೀಮ್ ಅನ್ನೋ ಊರಿನ ಒಂದು ಮನೆಯಂಗಳದ ಬಾವಿಗೆ ಇಳಿದರು. ಆ ಮನೆಯ ಹೆಂಗಸು ಬಾವಿಯ ಬಾಯಿಗೆ ಬಟ್ಟೆ ಹಾಸಿ, ಮೇಲೆ ಕುಟ್ಟಿದ ಕಾಳು ಹರವಿಬಿಟ್ಟಳು. ಹುಡುಕುತ್ತಾ ಬಂದವರಿಗೆ ಅವರು ಹಳ್ಳ ದಾಟಿ ಹೋದರು ಅಂದಳು. ಒಂದು ರಾಜ್ಯ ಆ ಬಟ್ಟೆಯ ಮೇಲೆ ನಿಂತಿತ್ತು. ಅವಳ ಹೆಸರೂ ಬರೆದಿಲ್ಲ.

ಸಂಚು ಸೋತಿತು, ದಾವೀದ ಉಳಿದ. ಆದರೆ ಮಗ ಸತ್ತ. ನಿನಗೆ ಬದಲಾಗಿ ನಾನೇ ಸತ್ತಿದ್ದರೆ ಚೆನ್ನಾಗಿತ್ತು ಅಂತ ದಾವೀದ ಎಷ್ಟು ಅತ್ತ ಅಂದರೆ, ಗೆದ್ದು ಬಂದ ಸೈನಿಕರು ಸೋತು ಓಡಿ ಬಂದವರ ಹಾಗೆ ಕದ್ದುಮುಚ್ಚಿ ಊರೊಳಗೆ ಬಂದರು. ಬೈಬಲ್ ಇದನ್ನು ಮುಚ್ಚಿಡಲಿಲ್ಲ. ದೇವರು ರಾಜನನ್ನು ಕಾಪಾಡಿದ, ಆದರೂ ಆ ದಿನ ಹಬ್ಬ ಆಗಲಿಲ್ಲ. ಇಂಗ್ಲೆಂಡಿನವರು ನವೆಂಬರ್ 5ಕ್ಕೆ ಹೊಡೆಯುವ ಪಟಾಕಿಗಿಂತ ನನಗೆ ಇದು ಹೆಚ್ಚು ಸತ್ಯ ಅನ್ನಿಸುತ್ತೆ.

ಬೆಳಗಿನಓದು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಆ ಬೆಂಕಿಯ ವಿಷಯ ನನ್ನನ್ನೂ ಹಿಡಿದುಬಿಟ್ಟಿದೆ.

ಒಂದು ಮಾತ್ರ ಇನ್ನೂ ಉಳಿದಿದೆ. ಬೇಡಿಕೊಂಡರು, ಎಚ್ಚರವಾಗಿಯೂ ಇದ್ದರು, ಆದರೂ ಉಳಿಯಲಿಲ್ಲ ಅನ್ನುವವರ ವಿಷಯ? ಶಾಸನಪ್ರಿಯ ಅವರೇ, ನಮ್ಮ ಕಡೆ ಅಂಥ ದಾಖಲೆ ಏನಾದರೂ ಇದೆಯಾ? ಕಥೆ ಬೇಡ, ಬರಹ ಇದ್ದರೆ ಹೇಳಿ.

ಶಾಸನಪ್ರಿಯ

ಇದೆ. ಆದರೆ ಈ ಹೆಸರು ಬಂದ ಕೂಡಲೇ ಜಗಳ ಶುರುವಾಗುತ್ತೆ, ದಯವಿಟ್ಟು ಇಲ್ಲಿ ಬೇಡ. ನಾನು ದಾಖಲೆಯಷ್ಟೇ ಹೇಳುತ್ತೇನೆ.

1791ರಲ್ಲಿ ಮರಾಠಾ ಸೈನ್ಯದ ಜೊತೆಗಿದ್ದ ಲೂಟಿಕೋರರು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಆಗ ಟಿಪ್ಪು ಸುಲ್ತಾನ್ ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದ ಬರೆದ. ಶಾರದೆಯ ಪುನರ್‌ಪ್ರತಿಷ್ಠೆಗೆ ಹಣ, ಧಾನ್ಯ ಕೊಡಿಸಿದ. ಅದರ ಜೊತೆಗೆ ಶತ್ರುಗಳು ನಾಶವಾಗುವ ಹಾಗೆ ಸಹಸ್ರ ಚಂಡೀ ಜಪ ಮಾಡಿಸಬೇಕು, ಖರ್ಚು ಸರ್ಕಾರದ್ದು ಅಂತ ಕೇಳಿಕೊಂಡ. ಒಂದು ಕಡೆ ಮರಾಠರು, ಒಂದು ಕಡೆ ನಿಜಾಮ, ಒಂದು ಕಡೆ ಕಂಪನಿ, ಮೂರೂ ಕಡೆಯಿಂದ ಮುತ್ತಿದ್ದ ಹೊತ್ತು ಅದು. ಈ ಕಾಗದಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲಿ ನೋಡಿ ಬೆಳಕಿಗೆ ತಂದರು.

ಆ ಯುದ್ಧದಲ್ಲಿ ಟಿಪ್ಪು ಸೋತ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆಯಾಳು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯೊಳಗೆ ಅವನೂ ಸತ್ತ. ಹಾಗಾದರೆ ಬೇಡಿಕೊಂಡದ್ದು ಸುಳ್ಳಾಯಿತಾ? ನನಗೆ ಹಾಗನ್ನಿಸಲ್ಲ. ಕಷ್ಟದ ಹೊತ್ತಿನಲ್ಲಿ ಒಬ್ಬ ಮನುಷ್ಯ ಯಾರ ಬಾಗಿಲು ತಟ್ಟಿದ ಅನ್ನೋದು ಆ ಕಾಗದದಲ್ಲಿ ಉಳಿದಿದೆ, ನನಗೆ ಅದು ಮುಖ್ಯ.

ಇನ್ನೊಂದನ್ನು ಹೇಳದೆ ಇರಲಾರೆ. ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟಕ್ಕೆ ಬಂದಾಗ ಹುಡುಗ. ಸಾಮಂತರು ತಿರುಗಿಬಿದ್ದು ಅವನನ್ನು ಇಳಿಸಿಯೇಬಿಟ್ಟಿದ್ದರು. ಅದೇ ವಂಶದ ಗುಜರಾತ್ ಶಾಖೆಯ ಕರ್ಕ ಬಂದು 821ರ ಹೊತ್ತಿಗೆ ಮತ್ತೆ ಕೂರಿಸಿದ. ಇನ್ನೊಬ್ಬರ ಕೈಯಿಂದ ಉಳಿದ ಆ ಹುಡುಗ ಅರವತ್ತು ವರ್ಷಕ್ಕೂ ಹೆಚ್ಚು ಆಳಿದ. 871ರ ಸಂಜಾನ್ ತಾಮ್ರಶಾಸನದಲ್ಲಿ ಅವನ ಬಗ್ಗೆ ಒಂದು ಮಾತಿದೆ. ಪ್ರಜೆಗಳಿಗೆ ಬಂದ ಕೇಡು ತಪ್ಪಲಿ ಅಂತ ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದ ಅಂತ.

ಬೇರೆ ಎಲ್ಲ ಕಡೆ ಜನ ರಾಜನಿಗಾಗಿ ಬೇಡಿಕೊಂಡದ್ದು ಓದುತ್ತೇವೆ. ಇಲ್ಲಿ ರಾಜ ಜನಕ್ಕಾಗಿ ತನ್ನ ಕೈ ಕೊಟ್ಟಿದ್ದಾನೆ. ಅರವತ್ತು ವರ್ಷ ಅವನನ್ನು ಯಾವುದು ಕಾಪಾಡಿತು ಅಂತ ಕೇಳಿದರೆ, ನಾನು ಮೊದಲು ಆ ಬೆರಳನ್ನು ತೋರಿಸುತ್ತೇನೆ.

ಮೌನಹಕ್ಕಿ

ಇದನ್ನು ಒಪ್ಪುತ್ತೇನೆ. ಕಾನೂನು ಮಾಡಿ ಹೇಳಿಸಿದ ಪ್ರಾರ್ಥನೆಯ ಬಗ್ಗೆ ನಾನು ಬರೆದದ್ದನ್ನು ಈ ಬೆರಳಿನ ಬಗ್ಗೆ ಬರೆಯಲಾರೆ.

ಬೆಳಗಿನಓದು

ಶಾಸನಪ್ರಿಯ ಅವರೇ, ನಿಮ್ಮ ಎರಡೂ ಉತ್ತರ ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಬೆರಳಿನ ವಿಷಯಕ್ಕೆ ಅವರು ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದ್ದು ಮಾತ್ರ ಬೇರೆ. ದೇವರಾಯನ ಮನೆಯಲ್ಲಿ ಮೂಲೆಗೆ ಅಡಗಿದ್ದನಲ್ಲ, ಆ ಕಾವಲುಗಾರ, ಮೊದಲು ಹೆದರಿ ಬಚ್ಚಿಟ್ಟುಕೊಂಡವನು ಆಮೇಲೆ ಯಾಕೆ ಎದ್ದುಬಂದ? ಒಡೆಯ ಗಾಯದಲ್ಲೂ ಆಸನ ಎತ್ತಿದ್ದು ನೋಡಿ ಧೈರ್ಯ ಬಂತಾ, ಇಲ್ಲಾ ಒಳಗಿನಿಂದ ಯಾರಾದರೂ ಎಬ್ಬಿಸಿದರಾ?

ನನಗೆ ಉತ್ತರ ಹೊಳೀಲಿಲ್ಲ. ಅಮ್ಮ ಇನ್ನೂ ಅವನ ಬಗ್ಗೆಯೇ ಮಾತಾಡ್ತಿದ್ದಾರೆ.